ಕರ ಹಾರಿದ ದಿನ ಲಕ್ಕಣ್ಣ ಖಾಯಂ ಆದದ್ದು

ಅಜ್ಜಂಪುರದ ಕಮಿಟಿ ಹೈಸ್ಕೂಲಿನ ಜಗಲಿಯಲ್ಲಿ ರೈಲುಕಂಬಿಯ ಒಂದು ತುಂಡು ತೂಗುಹಾಕಿತ್ತು. ಅದೇ ಗಂಟೆ. ಹದಿನಾಲ್ಕು ವರ್ಷ ಅದನ್ನು ಬಡಿದು ಬಡಿದು ಲಕ್ಕಣ್ಣ ನಡುವೆ ಗುಳಿ ಬೀಳಿಸಿದ್ದ. ಸ್ಕೂಲಿನ ಸಾಮಾನಿನ ಪಟ್ಟಿಯಲ್ಲಿ ಆ ಕಂಬಿಯ ಹೆಸರಿತ್ತು, ನೀರಿನ ಹಂಡೆಯ ಹೆಸರಿತ್ತು, ಕಾಲು ಮುರಿದ ಬೆಂಚಿನ ಹೆಸರೂ ಇತ್ತು. ಲಕ್ಕಣ್ಣನ ಹೆಸರು ಮಾತ್ರ ಯಾವ ಪಟ್ಟಿಯಲ್ಲೂ ಇರಲಿಲ್ಲ. ಅವನು ಟೆಂಪರವರಿ ಜವಾನ. ಸ್ಕೂಲು ಶುರುವಾದ ಐವತ್ಮೂರನೇ ಇಸವಿಯಲ್ಲಿ ಸೇರಿದವನು, ಅರವತ್ತೇಳು ಬಂದರೂ ಟೆಂಪರವರಿಯೇ.

ತಪ್ಪು ಅವನದಲ್ಲ. ಅವನನ್ನು ಖಾಯಂ ಮಾಡುವ ಕಾಗದಕ್ಕೆ ಎರಡು ರುಜು ಬೀಳಬೇಕಿತ್ತು. ಕಮಿಟಿಯ ಅಧ್ಯಕ್ಷರು ಮಲ್ಲಿಕಾರ್ಜುನಯ್ಯನವರು, ಕಡೂರಿನಲ್ಲಿ ಕೊಬ್ಬರಿ ಮಂಡಿ ಇಟ್ಟವರು. ಕಾರ್ಯದರ್ಶಿ ಈರಭದ್ರಪ್ಪನವರು, ತರೀಕೆರೆಯಲ್ಲಿ ಅಕ್ಕಿ ಮಿಲ್ಲು. ಇಬ್ಬರೂ ಬೀಗರು. ಅವರ ಮಗಳನ್ನು ಇವರ ಮಗನಿಗೆ ತಂದಿದ್ದರು. ಸ್ಕೂಲು ಶುರುವಾದ ಮರುವರ್ಷ ನಡೆದ ಆ ಮದುವೆಯ ಚಪ್ಪರದಲ್ಲಿ ಮೊದಲ ವೀಳ್ಯ ಯಾರ ಕೈಗೆ ಕೊಡಬೇಕೆಂದು ಮಾತು ಬಂತು. ಕೊಡುವವನು ಗಾಬರಿಬಿದ್ದು ವೀಳ್ಯದ ತಟ್ಟೆಯನ್ನೇ ಕೈಬಿಟ್ಟ. ಎಲೆಯಡಿಕೆ ಚಾಪೆಯ ಮೇಲೆ ಚೆಲ್ಲಿತು, ಬೀಗರ ಮಾತು ಅವತ್ತಿಗೆ ನಿಂತಿತು. ಮದುವೆಯಾದ ಗಂಡ ಹೆಂಡತಿ ಸುಖವಾಗಿ ನಾಲ್ಕು ಮಕ್ಕಳನ್ನು ಹೆತ್ತರು. ಅವರಿಗೆ ಆ ವೀಳ್ಯದ ನೆನಪೂ ಇರಲಿಲ್ಲ. ನೆನಪಿಟ್ಟುಕೊಂಡವರು ಈ ಇಬ್ಬರು ಹಿರಿಯರು. ಊರಿಗೆ ಬುದ್ಧಿ ಹೇಳುವವರಲ್ಲವೆ, ಮರೆತರೆ ಹೇಗೆ?

ಲಕ್ಕಣ್ಣ ಕಾಗದ ಹಿಡಿದು ರೈಲಿನಲ್ಲಿ ಬೀರೂರು ದಾಟಿ ಕಡೂರಿಗೆ ಹೋಗುತ್ತಿದ್ದ. ಮಲ್ಲಿಕಾರ್ಜುನಯ್ಯನವರು ಕೊಬ್ಬರಿ ರಾಶಿಯ ಮೇಲಿಂದಲೇ ರುಜು ಹಾಕಿ ಕೊಡುತ್ತಿದ್ದರು. ಧಾರಾಳಿ ಮನುಷ್ಯ. ಅದನ್ನು ತರೀಕೆರೆಗೆ ಒಯ್ದರೆ ಈರಭದ್ರಪ್ಪನವರು ಕನ್ನಡಕ ಏರಿಸಿ ನೋಡುತ್ತಿದ್ದರು.

"ಇದೇನೋ ಲಕ್ಕ, ಆಗಲೇ ಹಾಕ್ಬಿಟ್ಟಿದ್ದಾನೆ?"

"ಹೂಂ ಸ್ವಾಮಿ. ತಾವೊಂದು ಹಾಕ್ಬಿಟ್ರೆ..."

"ಅವನು ಉಂಡೆದ್ದ ಎಲೇಲಿ ನಾನು ಕೂತು ಉಣ್ಲೇನೋ?" ಎಂದು ಕಾಗದವನ್ನು ಎರಡಾಗಿ ಹರಿದು, "ಹೊಸದು ಬರೆಸ್ಕೊಂಡು ಬಾ. ಮೊದಲು ನಾನು ಹಾಕಿಕೊಡ್ತೀನಿ. ನನಗೇನು ನಿನ್ಮೇಲೆ ಸಿಟ್ಟಾ?" ಎನ್ನುತ್ತಿದ್ದರು.

ಹೊಸದಕ್ಕೆ ಅವರು ಮೊದಲು ಹಾಕಿದರೆ, ಅದು ಕಡೂರಿನಲ್ಲಿ ಹರಿಯುತ್ತಿತ್ತು. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಪ್ರತಿ ಸಲವೂ ಒಬ್ಬರು ಇನ್ನೊಂದು ಕಾಗದ ಕೇಳುತ್ತಿದ್ದರು: ಪಟೇಲರಿಂದ ನಡತೆಯ ಪತ್ರ, ಶಾನುಭೋಗರಿಂದ ವಯಸ್ಸಿನ ಪತ್ರ, ವೈದ್ಯರಿಂದ ಕೈಕಾಲು ನೆಟ್ಟಗಿವೆ ಅಂತ ಪತ್ರ. ಕೈಕಾಲು ನೆಟ್ಟಗಿದ್ದದ್ದಕ್ಕೆ ಈ ಓಡಾಟವೇ ಸಾಕ್ಷಿಯಾಗಿತ್ತು. ಕಟ್ಟು ದಪ್ಪವಾಗುತ್ತ ಹೋಯಿತು, ಲಕ್ಕಣ್ಣನ ನಡಿಗೆ ಚುರುಕಾಗುತ್ತ ಹೋಯಿತು. ಅವನ ಹೆಂಡತಿ ಕರಿಯಮ್ಮ ನಗುತ್ತಿದ್ದಳು, "ನೀನು ಹೋದ ರಭಸಕ್ಕೆ ಒಂದಿನ ಬೀರೂರಲ್ಲಿ ರೈಲು ನಿನ್ನ ಹಿಂದೆ ಬತ್ತದೆ ಕಣೋ."

ಆ ವರ್ಷ ನಗುವ ಹಾಗಿರಲಿಲ್ಲ. ಸ್ಕೂಲಿಗೆ ಸರ್ಕಾರದ ಅನುದಾನ ಬರುವುದೆಂದು ಆಯಿತು. ಸ್ಕೂಲಿನ ಸಾಮಾನು, ಅದರ ಕೆಳಗೆ ಕೆಲಸಗಾರರು, ಎಲ್ಲ ಸೇರಿದ ಒಂದು ಪಟ್ಟಿ ಫೆಬ್ರವರಿಯ ಒಂದು ಸೋಮವಾರ ಹೋಗಬೇಕು, ಕೆಲಸಗಾರರಲ್ಲಿ ಖಾಯಂ ಆದವರ ಹೆಸರು ಮಾತ್ರ. ಉಳಿದವರು ಮನೆಗೆ. ಲಕ್ಕಣ್ಣನಿಗೆ ನಲವತ್ತೆರಡು ವರ್ಷ. ಇನ್ನು ಯಾರ ಮನೆಯ ಕೆಲಸಕ್ಕೆ ನಿಲ್ಲಲಿ? ಅವನ ಜಾಗಕ್ಕೆ ಹೆಡ್‌ಮಾಸ್ತರ ಅಕ್ಕನ ಮಗ ಆಗಲೇ ಚಪ್ಪಲಿ ಹೊಲಿಸಿಕೊಂಡು ಕಾಯುತ್ತಿದ್ದಾನೆಂದು ಊರಿಗೆಲ್ಲ ಗೊತ್ತಿತ್ತು.

ಹೆಡ್‌ಮಾಸ್ತರು ಅಂದರೆ ಓಂಕಾರಮೂರ್ತಿ. ವಿಜ್ಞಾನದ ಪಾಠವೂ ಅವರದೇ. ಹಿಂದಿನ ಬೇಸಿಗೆಯಲ್ಲಿ ಮಾಸ್ತರುಗಳಿಗೆ ನಡೆಸಿದ ತರಬೇತಿಗೆಂದು ಬೆಂಗಳೂರಿಗೆ ಹೋಗಿ ಮೂರು ವಾರ ಇದ್ದು ಬಂದಿದ್ದರು. ಹೋಗುವಾಗ ಒಂದು ಟ್ರಂಕು ಒಯ್ದಿದ್ದರು, ಬರುವಾಗ ಟ್ರಂಕಿನ ಜೊತೆ ಒಂದು ಸಂಗತಿ ಹೊತ್ತು ತಂದರು. ಅವತ್ತಿನಿಂದ ಗಣಿತದ ಪಾಠದಲ್ಲೂ ಅದೇ, ಕ್ಷೌರಕ್ಕೆ ಕೂತಾಗಲೂ ಅದೇ.

"ಸೂರ್ಯನಿಂದ ಬರೀ ಬಿಸಿಲು ಬರುತ್ತೆ ಅಂದ್ಕೊಂಡ್ರಾ? ಗಾಳಿಯೂ ಬೀಸುತ್ತೆ. ಅದರ ತುಂಬ ವಿದ್ಯುತ್ತು ಹೊತ್ತ ಕಣಗಳು, ಕಣ್ಣಿಗೆ ಕಾಣೋದಿಲ್ಲ. ಭೂಮಿ ಒಂದು ದೊಡ್ಡ ಅಯಸ್ಕಾಂತ. ಹರಿಯೋ ಹಳ್ಳಕ್ಕೆ ಬಂಡೆ ಅಡ್ಡ ನಿಂತರೆ ಅದರ ಮುಂದೆ ನೀರು ಉಬ್ಬೋದಿಲ್ವೆ? ಹಾಗೆ ಭೂಮಿಯ ಮುಂದೆ, ಐವತ್ತರವತ್ತು ಸಾವಿರ ಮೈಲಿ ಆಚೆಗೆ, ಆ ಗಾಳಿ ಢೀ ಕೊಟ್ಟು ಉಬ್ಬುತ್ತೆ. ಅದೇ ಆಘಾತದ ಅಲೆ. ಗುರುಗ್ರಹದ ಮುಂದೂ ಇರಬೇಕಂತೆ."

ಕ್ಷೌರಿಕ ಕತ್ತಿ ಮಸೆಯುತ್ತ "ಹೌದಾ ಸ್ವಾಮಿ" ಎನ್ನುತ್ತಿದ್ದ. ಕತ್ತಿ ಅವನ ಕೈಲಿ, ಕುತ್ತಿಗೆ ಅವರದು. ಆದರೂ ಮಾತು ನಿಲ್ಲುತ್ತಿರಲಿಲ್ಲ.

"ಕೆಲವು ಕಣ ಆ ಅಲೆಗೆ ತಾಗಿ ವಾಪಸ್ ಚಿಮ್ಮುತ್ತವೆ. ಎದುರಿಗೆ ಬರೋ ಗಾಳಿಯೊಳಗೆ ಅಯಸ್ಕಾಂತದ ಗಂಟು, ಸಿಕ್ಕು ಇರುತ್ತವಲ್ಲ, ಅವು ಮತ್ತೆ ಅಲೆಯ ಕಡೆಗೆ ದಬ್ಬುತ್ತವೆ. ಹಿಂದೆ ಒಂದು ಗೋಡೆ, ಮುಂದೆ ಒಂದು ಗೋಡೆ. ಎರಡೂ ಹತ್ತಿರಕ್ಕೆ ಬರ್ತಾ ಇರುತ್ತವೆ. ನಡುವೆ ಸಿಕ್ಕ ಕಣ ಒಂದೊಂದು ಸಲ ತಾಗಿದಾಗಲೂ ಇನ್ನಷ್ಟು ಶಕ್ತಿ ಪಡೀತದೆ. ಕೊನೆಗೆ ಹಿಡಿಯೋರೇ ಇಲ್ಲ, ಬಂದ ದಾರಿಯಲ್ಲೇ ಸೂರ್ಯನ ಕಡೆಗೆ ಚಂಗನೆ ಹಾರುತ್ತೆ!"

ಸ್ಕೂಲಿನ ಹಂಡೆಗೆ ನೀರು ತುಂಬುತ್ತ ಕ್ಲಾಸಿನ ಬಾಗಿಲ ಆಚೆಯಿಂದ ಇದನ್ನೇ ಕೇಳಿಸಿಕೊಂಡ ಲಕ್ಕಣ್ಣ ತಲೆದೂಗಿದ. ಅವನಿಗೆ ಇದು ಹೊಸದೆನಿಸಲಿಲ್ಲ.

ಸ್ಕೂಲಿಗೆ ಸೇರುವ ಮೊದಲು ಲಕ್ಕಣ್ಣ ಕಾವಲಿನಲ್ಲಿ, ಊರಾಚೆಯ ಹುಲ್ಲುಬಯಲಿನಲ್ಲಿ, ದನಗಾಹಿ. ಆ ಕಡೆಯ ಹಸುಗಳು ಕೊಟ್ಟಿಗೆಯಲ್ಲಿ ಹುಟ್ಟಿದವಲ್ಲ, ಬಯಲಲ್ಲಿ ಹುಟ್ಟಿ ಬಯಲಲ್ಲಿ ಬೆಳೆದವು. ಕರುವಿಗೆ ಅಲ್ಲಿ ಕರ ಅನ್ನುವುದು. ಅದಕ್ಕೆ ಏಳೆಂಟು ತಿಂಗಳಾದರೆ ಹಗ್ಗ ಹಾಕಬೇಕು. ಅದನ್ನು ಅಟ್ಟಿಸಿಕೊಂಡು ಹೋಗುವವನು ಪೆದ್ದ. ಗೊತ್ತಿದ್ದವರು ಎರಡು ಸಾಲಾಗಿ ಕಂಬಳಿ ಬಿಚ್ಚಿ ಹಿಡಿದು ನಿಲ್ಲುತ್ತಾರೆ. ಒಂದು ಸಾಲು ನಿಂತಿರುತ್ತದೆ, ಇನ್ನೊಂದು ಮೆಲ್ಲಗೆ ನಡೆದು ಬರುತ್ತದೆ. ಕರ ಈ ಸಾಲಿಗೆ ಬಂದು ಬೆದರಿ ತಿರುಗುತ್ತದೆ, ಆ ಸಾಲಿಗೆ ಬಂದು ಇನ್ನೂ ಬೆದರಿ ತಿರುಗುತ್ತದೆ. ಒಂದು ಸಲಕ್ಕಿಂತ ಇನ್ನೊಂದು ಸಲ ಜೋರು. ನಾಲ್ಕನೇ ಸಲಕ್ಕೆ ಹಗ್ಗ ಬೀಳಬೇಕು. ಬೀಳದಿದ್ದರೆ ಐದನೇ ಸಲಕ್ಕೆ ಅದು ಆಳೆತ್ತರ ಹಾರಿ ತಾಯಿ ನಿಂತ ಕಡೆ ಹೋಗುತ್ತದೆ. ಆದ್ದರಿಂದ ಕಾವಲಿನಲ್ಲಿ ತಾಯಿ ಹಸು ನಿಂತ ದಿಕ್ಕನ್ನು ಬಿಟ್ಟೇ ಬಿಡುವುದು ವಾಡಿಕೆ. ಆ ದಿಕ್ಕಿನಲ್ಲಿ ಯಾರೂ ಕೂರುವುದಿಲ್ಲ, ಬುತ್ತಿಯ ಗಂಟನ್ನೂ ಇಡುವುದಿಲ್ಲ.

ರಾತ್ರಿ ಉಣ್ಣುವಾಗ ಕರಿಯಮ್ಮನಿಗೆ ಹೇಳಿದ. ಅವಳು ಮುದ್ದೆ ಮುರಿಯುತ್ತ ಕೇಳಿದಳು, "ಅಲ್ಲ, ಆ ಕಣಕ್ಕೆ ಯಾರೂ ಮೇವು ಹಾಕಿಲ್ಲ, ಹಿಂಡಿ ಇಟ್ಟಿಲ್ಲ. ಶಕ್ತಿ ಎಲ್ಲಿಂದ ಬತ್ತದೆ?"

"ಎದುರಿಗೆ ಬರೋ ಗೋಡೆ ಕೊಡ್ತದೆ ಕಣೇ. ನಿಂತ ಗೋಡೆಗೆ ಚೆಂಡು ಹೊಡಿ, ನೀನು ಹೊಡೆದಷ್ಟೇ ವಾಪಸ್ ಬತ್ತದೆ. ನಿನ್ನ ಕಡೆಗೇ ನಡೆದು ಬರೋ ಗೋಡೆಗೆ ಹೊಡಿ, ಹಲ್ಲು ಉದುರ್ತದೆ."

"ಹಂಗಾರೆ ಕಡೂರು ಒಂದು ಗೋಡೆ, ತರೀಕೆರೆ ಒಂದು ಗೋಡೆ."

"ಅವು ಎಲ್ಲಿ ಹತ್ತಿರ ಬತ್ತವೆ? ಇದ್ದಲ್ಲೇ ಕೂತವೆ. ಅದಕ್ಕೇ ನನಗೆ ಬರೀ ಕಾಲುನೋವು."

ಹೊಸದಾಗಿ ಕಟ್ಟಿದ ವಿಜ್ಞಾನದ ಕೋಣೆಯನ್ನು ಪಟ್ಟಿ ಹೋಗುವ ಸೋಮವಾರಕ್ಕೆ ಎರಡು ದಿನ ಮುಂಚೆ, ಶನಿವಾರ, ತೆರೆಯುವುದೆಂದು ಗೊತ್ತಾಯಿತು. ಅಲೆಯ ಸಂಗತಿಯನ್ನು ಅವತ್ತು ಎಲ್ಲರೆದುರು ಮಾಡಿ ತೋರಿಸಬೇಕೆಂದು ಮಾಸ್ತರಿಗೆ ಹಟ. ಜಗಲಿಯಲ್ಲಿ ಒಂದು ಹಲಗೆ ತಾವು ಹಿಡಿದು, ಇನ್ನೊಂದನ್ನು ಲಕ್ಕಣ್ಣನ ಕೈಗೆ ಕೊಟ್ಟು, ನಡುವೆ ರಬ್ಬರ್ ಚೆಂಡು ಹಾಕಿದರು. "ಹತ್ತಿರ ಬಾ, ಹತ್ತಿರ ಬಾ" ಎಂದರು. ಲಕ್ಕಣ್ಣ ಹತ್ತಿರ ಬಂದ. ಚೆಂಡು ಟಪಟಪ ಬಡಿದು ಮೇಲೆದ್ದು ಮಾಸ್ತರ ಮೂಗಿಗೆ ಬಿತ್ತು.

"ಹಲಗೆ ಹಿಡಿಯೋಕೂ ಬರಲ್ವೇನಯ್ಯ ನಿನಗೆ?"

"ಸರಿಯಾಗೇ ಆಯ್ತಲ್ಲ ಸ್ವಾಮಿ. ಕಾವಲಲ್ಲಿ ಕರ ಹಿಡಿಯೋವಾಗಲೂ ಹಿಂಗೇ. ಎರಡು ಸಾಲು ಕೂಡೋ ಹೊತ್ತಿಗೆ ಅದು..."

"ಕರ? ದನ ಕಾಯೋದು ಬೇರೆ, ವಿಜ್ಞಾನ ಬೇರೆ. ಬಾಯಿ ಮುಚ್ಚಿಕೊಂಡು ಗಂಟೆ ಹೊಡಿ."

ಲಕ್ಕಣ್ಣ ಹೋಗಿ ಗಂಟೆ ಹೊಡೆದ. ಮಾರನೆ ದಿನ ಮಾಸ್ತರು ಉಳಿದ ಉಪಾಧ್ಯಾಯರನ್ನೆಲ್ಲ ಕೂಡಿಸಿ, ರಾತ್ರಿಯೆಲ್ಲ ಯೋಚಿಸಿ ತಮಗೊಂದು ಉಪಾಯ ಹೊಳೆಯಿತೆಂದರು: ಕರು! ಎರಡು ಸಾಲು ಹುಡುಗರ ನಡುವೆ ಕರುವನ್ನು ಬಿಟ್ಟು ತೋರಿಸುವುದು. ಎಲ್ಲರೂ "ಭೇಷ್ ಸಾರ್" ಎಂದರು. ಮಾಸ್ತರು ಲಕ್ಕಣ್ಣನ ಕಡೆ ತಿರುಗಿ, "ನಿಮ್ಮನೇಲಿ ಒಂದು ಇದೆಯಲ್ಲ, ಅದನ್ನೇ ಹಿಡ್ಕೊಂಡು ಬಾ" ಎಂದು ಅಪ್ಪಣೆ ಮಾಡಿದರು.

ಅಧ್ಯಕ್ಷರು, ಕಾರ್ಯದರ್ಶಿಗಳು ಒಟ್ಟಿಗೆ ಬರುವುದಿಲ್ಲವೆಂದು ಮಾಸ್ತರಿಗೂ ಗೊತ್ತಿತ್ತು. ಅವರು ಎರಡು ಬಗೆಯ ಪತ್ರ ಬರೆದರು. ಕಡೂರಿಗೆ ಹೋದ ಪತ್ರದಲ್ಲಿ ಮಲ್ಲಿಕಾರ್ಜುನಯ್ಯನವರೊಬ್ಬರೇ ಮುಖ್ಯ ಅತಿಥಿ, ತರೀಕೆರೆಗೆ ಹೋದದ್ದರಲ್ಲಿ ಈರಭದ್ರಪ್ಪನವರೊಬ್ಬರೇ. ಎರಡನ್ನೂ ತಲುಪಿಸಿ ಬಂದವನು ಲಕ್ಕಣ್ಣ. ಓದಲು ಬಾರದವನೆಂದು ಅವನ ಕೈಗೆ ಕೊಟ್ಟಿದ್ದರು. ಓದಲು ಬಾರದಿದ್ದರೇನು, ಇಬ್ಬರೂ "ಅವನು ಬರಲ್ವಂತಲ್ಲ!" ಎಂದು ಒಂದೇ ಥರ ನಕ್ಕದ್ದು ಕಾಣುವುದಿಲ್ಲವೆ?

ಶನಿವಾರ ಬೆಳಿಗ್ಗೆ ಕರಿಯಮ್ಮ ಕಾಗದವನ್ನೂ ಅದರ ನಕಲನ್ನೂ ಮಡಿಸಿ ಅವನ ಟೋಪಿಯೊಳಗೆ ಇಟ್ಟಳು. "ಹದಿನಾಲ್ಕು ವರ್ಷಕ್ಕೆ ಎರಡು ಗೋಡೆನೂ ಒಂದೇ ಜಾಗಕ್ಕೆ ಬತ್ತಾ ಅವೆ. ಇವತ್ತು ಆಗಲಿಲ್ಲ ಅಂದ್ರೆ ಆ ಕಂಬಿಗೊಂದು ಕೈ ಮುಗಿದು ಬಂದ್ಬಿಡು."

ಸ್ಕೂಲಿನ ಅಂಗಳದಲ್ಲಿ ಹೊಂಗೆ ಮರದ ಕೆಳಗೆ ದೊಡ್ಡ ಮೇಜು, ಮೇಲೆ ನೆಲಕ್ಕೆ ಇಳಿಬಿದ್ದ ಕೆಂಪು ಬಟ್ಟೆ, ಹಿಂದೆ ಎರಡು ಕುರ್ಚಿ. ವಿಜ್ಞಾನದ ಕೋಣೆ ತೆರೆಯುವ ಮುಂಚೆ ಗೋಪೂಜೆ ಆಗಬೇಕೆಂದು ಮಾಸ್ತರೇ ಇಟ್ಟಿದ್ದರು. ಲಕ್ಕಣ್ಣನ ಹಸುವಿಗೆ ಅರಿಶಿನ ಕುಂಕುಮ ಹಚ್ಚಿ, ಹಾರ ಹಾಕಿ, ಕುರ್ಚಿಗಳ ಹಿಂದೆಯೇ ಮರಕ್ಕೆ ಕಟ್ಟಿಸಿದರು.

ಲಕ್ಕಣ್ಣ ಹತ್ತಿರ ಹೋಗಿ ಮೆಲ್ಲಗೆ ಅಂದ, "ಸ್ವಾಮಿ, ಹಸುನ ಆ ಕಡೆ ಕಟ್ಟಾನ. ಕರ ಎದ್ರೆ ತಾಯಿ ಕಡೆಗೇ ಹಾರ್ತದೆ."

"ಅಧ್ಯಕ್ಷರು ಪೂಜೆ ಮಾಡೋ ಹಸುನ ಕಕ್ಕಸಿನ ಹತ್ತಿರ ಕಟ್ಲೇನಯ್ಯ?"

"ಮೇಜನ್ನಾದ್ರೂ..."

"ಮೇಜು ಪೂರ್ವಕ್ಕೇ ಮುಖ ಮಾಡಬೇಕು. ದಕ್ಷಿಣಕ್ಕೆ ಕೂರಿಸಿದರೆ ದೊಡ್ಡವರು ಏನಂದ್ಕೋತಾರೆ?"

ಎರಡು ಸಲ ಹೇಳಿದ್ದಾಯಿತು. ಮೂರನೇ ಸಲಕ್ಕೆ ಲಕ್ಕಣ್ಣ ಬಾಯಿಗೆ ಎಲೆಯಡಿಕೆ ಹಾಕಿಕೊಂಡ. ಕಣ ಬಂದ ದಾರಿಯಲ್ಲೇ ಸೂರ್ಯನ ಕಡೆಗೆ ಹಾರುತ್ತದೆಂದು ಊರಿಗೆಲ್ಲ ಸಾರಿದವರು ಅವರೇ ತಾನೆ?

ಕಡೂರಿನ ಕಾರು ಬಂತು. ಅದರ ಧೂಳು ಇಳಿಯುವ ಮೊದಲು ತರೀಕೆರೆಯ ಜೀಪು ಬಂತು. ಬೀಗರು ಒಬ್ಬರನ್ನೊಬ್ಬರು ಕಂಡರು. ಹಿಂದಿರುಗಿ ಹೋದವನು ಸೋತಂತೆ, ಇಬ್ಬರೂ ಹೋಗಲಿಲ್ಲ. ಒಬ್ಬರು ಉತ್ತರಕ್ಕೆ ಕತ್ತು ತಿರುಗಿಸಿ ಕೂತರು, ಇನ್ನೊಬ್ಬರು ದಕ್ಷಿಣಕ್ಕೆ. ಅಷ್ಟು ಕಷ್ಟಪಟ್ಟು ಪೂರ್ವಕ್ಕೆ ಇಟ್ಟ ಮೇಜು ಯಾರಿಗೂ ಉಪಯೋಗವಾಗಲಿಲ್ಲ. ಹಸುವಿನ ಹಣೆಗೆ ಮೊದಲು ಕುಂಕುಮ ಯಾರು ಇಡುವುದೆಂದು ಮತ್ತೆ ತಡವಾಯಿತು. ಕೊನೆಗೆ ಇಬ್ಬರೂ ಒಟ್ಟಿಗೆ ಕೈ ಚಾಚಿ ಹಸುವಿನ ಕಣ್ಣಿಗೆ ಕುಂಕುಮ ಹಾಕಿದರು.

ಮಾಸ್ತರು ಭಾಷಣ ಶುರುಮಾಡಿದರು. "ಸೂರ್ಯಚಂದ್ರರ ಹಾಗೆ ಬೆಳಗುತ್ತಿರುವ ಈ ಇಬ್ಬರು ಮಹನೀಯರು..."

"ಚಂದ್ರ ಯಾರು?" ಎಂದರು ಮಲ್ಲಿಕಾರ್ಜುನಯ್ಯನವರು.

"ಹುಣ್ಣಿಮೆಗೊಂದು ಸಲ ಬೆಳಗೋನು ನಾನಲ್ಲಪ್ಪ," ಎಂದರು ಈರಭದ್ರಪ್ಪನವರು, ಹೊಂಗೆ ಮರದ ಕಡೆ ನೋಡಿಕೊಂಡು.

"ಇಬ್ಬರೂ ಸೂರ್ಯರೇ ಸ್ವಾಮಿ," ಎಂದು ಮಾಸ್ತರು ಬೆವರು ಒರೆಸಿಕೊಂಡು, ಅಂಗಳದ ಆ ತುದಿಗೆ ಕೈ ಮಾಡಿದರು. ಅಲ್ಲಿ ಒಂಬತ್ತನೇ ಕ್ಲಾಸಿನ ಹುಡುಗರು ಗೋಣಿತಾಟು ಹಿಡಿದು ನಿಂತರು. ಅದು ಭೂಮಿಯ ಮುಂದಿನ ಅಲೆ. ಮೇಜಿನ ಮುಂದಿನಿಂದ ಎಂಟನೇ ಕ್ಲಾಸಿನವರು ತಾಟು ಹಿಡಿದು ಅವರ ಕಡೆಗೆ ನಡೆಯತೊಡಗಿದರು. ಅದು ಸೂರ್ಯನ ಗಾಳಿ. ನಡುವೆ ಲಕ್ಕಣ್ಣ ಕರವನ್ನು ಬಿಟ್ಟ.

ಕರ ಮೊದಲು ನಿಂತು ಕಿವಿ ಅಲ್ಲಾಡಿಸಿತು. ಅದಕ್ಕೆ ಭಾಷಣದ ಹಂಗಿರಲಿಲ್ಲ. ಆಮೇಲೆ ಭೂಮಿಯ ಕಡೆ ಓಡಿ ತಾಟು ಕಂಡು ತಿರುಗಿತು. ಗಾಳಿಯ ಕಡೆ ಓಡಿತು, ಎದುರಿಗೇ ನಡೆದು ಬರುವ ತಾಟು ಕಂಡು ಇನ್ನೂ ಜೋರಾಗಿ ತಿರುಗಿತು.

"ನೋಡಿ, ಶಕ್ತಿ ಹೆಚ್ಚಿತು!" ಎಂದು ಮಾಸ್ತರು ಕೂಗಿದರು. ಜನ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೆ ಕರ ಮತ್ತಷ್ಟು ಬೆದರಿತು. ಮೂರಾಯಿತು, ನಾಲ್ಕಾಯಿತು. ಲಕ್ಕಣ್ಣನ ಕೈ ಹಗ್ಗಕ್ಕೆ ಹೋಯಿತು. ಮಾಸ್ತರು "ಇರಯ್ಯ, ಇನ್ನೊಂದು ಸಲ!" ಎಂದರು. ಅಪ್ಪಣೆ. ಲಕ್ಕಣ್ಣ ಕೈ ತೆಗೆದ.

ಅಷ್ಟರಲ್ಲಿ ಹಸು "ಅಂಬಾ" ಅಂದಿತು.

ಐದನೇ ಸಲ ಕರ ನೆಲ ಬಿಟ್ಟಿತು. ಸೂರ್ಯನ ಗಾಳಿ ನೆಲಕ್ಕೆ ಕವುಚಿಕೊಂಡಿತು. ತಾಟಿನ ಮೇಲಿಂದ ಹಾರಿದ ಕರ ಮೇಜಿನ ಮೇಲೆ ಇಳಿಯಿತು, ಹೂವಿನ ತಟ್ಟೆ ಒಂದು ಕಡೆ, ನೀರಿನ ಚೊಂಬು ಒಂದು ಕಡೆ. ಅಲ್ಲಿಂದ ಎರಡು ಕುರ್ಚಿಗಳ ನಡುವೆ ಧುಮುಕಿತು. ಕುರ್ಚಿಗಳು ಆಗಲೇ ಖಾಲಿಯಾಗಿದ್ದವು. ಮಾಸ್ತರು ವಿಜ್ಞಾನದ ಕೋಣೆಯೊಳಗೆ ನುಗ್ಗಿ ಚಿಲಕ ಹಾಕಿಕೊಂಡರು. ಕೋಣೆಯನ್ನು ತೆರೆದವರು ಹಾಗೆ ಅವರೇ ಆದರು.

ಲಕ್ಕಣ್ಣ ಮೇಜಿನ ಬಳಿ ಬಂದು ಕೆಂಪು ಬಟ್ಟೆ ಎತ್ತಿ ಬಗ್ಗಿ ನೋಡಿದ. ಬೀಗರಿಬ್ಬರೂ ಒಳಗಿದ್ದರು. ಮಂಡಿಗೆ ಮಂಡಿ ತಾಗಿತ್ತು. ಕಡೂರಿನ ರುಮಾಲು ತರೀಕೆರೆಯ ತೊಡೆಯ ಮೇಲಿತ್ತು. ಹದಿಮೂರು ವರ್ಷದಲ್ಲಿ ಅವರು ಅಷ್ಟು ಹತ್ತಿರ ಬಂದದ್ದೇ ಇಲ್ಲ.

"ಹೋಯ್ತೇನೋ ಲಕ್ಕ?"

ಲಕ್ಕಣ್ಣ ಹಿಂದೆ ತಿರುಗಿ ನೋಡಿದ. ಕರ ಬಾಲ ಅಲ್ಲಾಡಿಸುತ್ತ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತ್ತು.

"ಇಲ್ಲ ಸ್ವಾಮಿ. ತಿರುಗ್ತಾನೇ ಐತೆ. ಕೆರಳಿಬಿಟ್ಟೈತೆ. ಈಗ ಹೊರಗೆ ಬರ್ಬ್ಯಾಡ್ರಿ," ಎಂದ. ಎಂದು ಟೋಪಿ ತೆಗೆದ.

ದೊಡ್ಡವರ ಜೇಬಿನಲ್ಲಿ ಪೆನ್ನು ಯಾವಾಗಲೂ ಇರುತ್ತದೆ. ಲಕ್ಕಣ್ಣ ಒಂದು ಕಾಗದವನ್ನು ಕಡೂರಿನ ತೊಡೆಯ ಮೇಲಿಟ್ಟ, ಇನ್ನೊಂದನ್ನು ತರೀಕೆರೆಯ ತೊಡೆಯ ಮೇಲಿಟ್ಟ.

"ಇದೇನೋ, ಈ ಹೊತ್ತಲ್ಲಿ?"

"ಸೋಮವಾರ ಪಟ್ಟಿ ಹೋಯ್ತದೆ ಸ್ವಾಮಿ. ನಿಮ್ಮಿಬ್ಬರನ್ನೂ ಒಟ್ಟಿಗೆ ನಾನು ಮತ್ತೆಲ್ಲಿ ನೋಡ್ಲಿ?"

"ಯಾರು ಮೊದಲು?" ಎಂದರು ಈರಭದ್ರಪ್ಪನವರು. ಮೇಜಿನ ಕೆಳಗೆ ಬಗ್ಗಿ ಕೂತರೂ ಆ ಹಟ ಬಗ್ಗಿರಲಿಲ್ಲ.

ಲಕ್ಕಣ್ಣ ಅವರ ಕಿವಿಯ ಹತ್ತಿರ ಬಾಯಿಟ್ಟು, "ನಿಮ್ಮ ಕೈಲಿರೋದೇ ಅಸಲು ಸ್ವಾಮಿ. ಆ ಕಡೇದು ಬರೀ ನಕಲು. ಅಸಲಿಗೆ ತಾವೇ ಮೊದಲು," ಎಂದ. ಆಮೇಲೆ ಆ ಕಡೆಯ ಕಿವಿಗೆ ಹೋಗಿ ಅದನ್ನೇ ಹೇಳಿದ. ಇಬ್ಬರ ಮುಖವೂ ಆ ಮಬ್ಬಿನಲ್ಲಿ ಬೆಳಗಿತು. ಸೂರ್ಯರಲ್ಲವೆ. ಒಂದೇ ಕ್ಷಣಕ್ಕೆ ಎರಡು ಪೆನ್ನೂ ಗೀಚಿದವು. ಕಾಗದ ಅದಲು ಬದಲಾಯಿತು. ಎರಡನೇ ರುಜುವಿಗೆ ಒಂದಿಷ್ಟು ತಡವರಿಸಿದರು. ಲಕ್ಕಣ್ಣ ಹಿಂದಕ್ಕೆ ಕಾಲು ಚಾಚಿ ಹಸುವಿನ ಪಕ್ಕೆಗೆ ಹೆಬ್ಬೆರಳಿನಿಂದ ತಿವಿದ. "ಅಂಬಾ!"

ರುಜು ಬಿತ್ತು.

ಕಾಗದ ಟೋಪಿಗೆ ಹೋದ ಮೇಲೆ ಲಕ್ಕಣ್ಣ ಬಟ್ಟೆ ಪೂರ್ತಿ ಎತ್ತಿ, "ಹೋಯ್ತು ಸ್ವಾಮಿ, ಬರ್ರಿ," ಎಂದ.

ಸೋಮವಾರದ ಪಟ್ಟಿಯಲ್ಲಿ ರೈಲುಕಂಬಿಯ ಕೆಳಗೆ ಲಕ್ಕಣ್ಣನ ಹೆಸರನ್ನು ಬರೆಯುವಾಗ ಮಾಸ್ತರ ಕೈ ಸುಲಭವಾಗಿ ಓಡಲಿಲ್ಲ. ಎರಡೂ ಕಾಗದ ತಿರುವಿ ನೋಡಿದರು. ಎರಡರ ಮೇಲೂ ಎರಡೂ ರುಜು ಇದ್ದವು. ಬರೆಯದೆ ಏನು ಮಾಡಿಯಾರು? ಅವರ ಅಕ್ಕನ ಮಗ ಹೊಸ ಚಪ್ಪಲಿ ಮೆಟ್ಟಿಕೊಂಡು ಊರಿಗೆ ಹೋದ. ಮಾಸ್ತರು ಮಾತ್ರ ಮುಂದೆ ಎಲ್ಲಿ ಹೋದರೂ, ಆಘಾತದ ಅಲೆಯನ್ನು ಕರುವಿನಲ್ಲಿ ತೋರಿಸಿದ್ದು ತಾವೇ ಎಂದು ಹೇಳಿಕೊಂಡರು. ಚಿಲಕದ ಮಾತು ಬರುತ್ತಿರಲಿಲ್ಲ.

ಬೀಗರು ಮತ್ತೆ ಮಾತಾಡಲಿಲ್ಲ. ವರ್ಷಕ್ಕೊಂದು ಸಲ, ಬೇರೆ ಬೇರೆ ದಿನ, ಸ್ಕೂಲಿಗೆ ಬರುತ್ತಿದ್ದರು. ಬಂದವರು ಯಾರಾದರೂ ಹೊರಗಿನವರು ಜೊತೆಗಿದ್ದರೆ, "ಲಕ್ಕಣ್ಣ, ಆ ಕಾಗದ ತಗೊಂಡು ಬಾರಪ್ಪ, ಇವರು ನೋಡಲಿ ಯಾರು ಮೊದಲು ಹಾಕಿದ್ದು ಅಂತ," ಎನ್ನುತ್ತಿದ್ದರು.

ಲಕ್ಕಣ್ಣ ತಗಡಿನ ಪೆಟ್ಟಿಗೆಯಲ್ಲಿ ಎರಡನ್ನೂ ಬೇರೆ ಬೇರೆ ಮಡಿಸಿಟ್ಟಿದ್ದ. ಕಡೂರಿನವರು ಬಂದರೆ ಎಡಗಡೆಯದು, ತರೀಕೆರೆಯವರು ಬಂದರೆ ಬಲಗಡೆಯದು. ಓದಲು ಬಾರದವನಾದರೂ ಒಂದು ದಿನವೂ ಅದಲು ಬದಲು ಮಾಡಲಿಲ್ಲ.